ಒಂಬತ್ತನೆಯ ಸಾಲು

ಮಾರ್ಚ್ 4, ಮಂಗಳವಾರ

ಇವತ್ತು ಯಂತ್ರದ ವಿಷಯವನ್ನಷ್ಟೇ ಬರೆದು ಪುಸ್ತಕ ಮುಚ್ಚುವವಳಿದ್ದೆ. ದೊಡ್ಡಪ್ಪನ ಮೂಗಿನ ವಿಷಯ ಬಿಟ್ಟೇಬಿಡೋಣ ಅನ್ನಿಸಿತ್ತು. ಯಾರೂ ಓದದ ಪುಸ್ತಕದಲ್ಲೂ ಬಚ್ಚಿಡಬೇಕು ಅನ್ನಿಸಿತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಯಂತ್ರ. ನಮ್ಮ ಮುದ್ರಣಾಲಯದ ಹಿಂಬದಿಯಲ್ಲಿ ಒಂದು ಮೂಲೆ ಖಾಲಿಯಾಗಿದೆ. ಒತ್ತಿದ ಗಾಳಿಯ ಕೊಳವೆ, ನೀರು ಹರಿದುಹೋಗುವ ದಾರಿ, ಎರಡೂ ಇರುವ ಮೂಲೆ ಅದೊಂದೇ. ಅಲ್ಲಿ ಎರಡರಲ್ಲಿ ಒಂದು ಕೂರಬಹುದು. ಒಂದು, ಪೀಪಾಯಿಯಿಂದ ಇಂಕನ್ನು ನೇರವಾಗಿ ಅಚ್ಚಿನ ಯಂತ್ರಕ್ಕೆ ತಳ್ಳುವ ಪಂಪಿನ ವ್ಯವಸ್ಥೆ. ಇನ್ನೊಂದು, ಇಂಕು ಮೆತ್ತಿದ ರೋಲರು, ಟ್ರೇಗಳನ್ನು ಮುಚ್ಚಳದ ಒಳಗೇ ತೊಳೆಯುವ ಯಂತ್ರ. ಖರೀದಿ ನೋಡಿಕೊಳ್ಳುವವಳು ನಾನು. ಯಾವುದು ಬೇಕೆಂದು ಹದಿನೇಳರಂದು ಯಜಮಾನರಿಗೆ ಹೇಳಬೇಕು.

ತೊಳೆಯುವ ಯಂತ್ರದ ಕಂಪನಿಯಿಂದ ಇವತ್ತು ಎಂಜಿನಿಯರೊಬ್ಬರು ಬಂದಿದ್ದರು. ಮೂವತ್ತರ ಹೆಂಗಸು, ಮಾತು ಕಡಿಮೆ. ವ್ಯಾನಿನಲ್ಲಿ ತಂದಿದ್ದ ಚಿಕ್ಕ ಮಾದರಿಯಲ್ಲಿ ನಮ್ಮ ರೋಲರೊಂದನ್ನು ಇಪ್ಪತ್ತು ನಿಮಿಷ ತಿರುಗಿಸಿ ತೊಳೆದರು. ಶುದ್ಧವಾಗಿದೆ ಎಂದು ಹೇಳಬೇಕಾದವರು ಯಾರು ಎಂಬ ಮಾತು ಬಂತು. ಫೋರ್‌ಮನ್ ನಗುತ್ತಾ, ನಮ್ಮಲ್ಲಿ ಅದಕ್ಕೊಂದು ಮೀಟರ್ ಇದೆ ಎಂದು ದೊಡ್ಡಪ್ಪನನ್ನು ಕರೆಸಿದರು.

ಅವರು ಯಾರ ದೊಡ್ಡಪ್ಪನೂ ಅಲ್ಲ, ಎಲ್ಲರಿಗೂ ದೊಡ್ಡಪ್ಪ. ಇಪ್ಪತ್ತೆರಡು ವರ್ಷದಿಂದ ತೊಳೆಯುವ ಕೋಣೆ ಅವರದು. ತೊಳೆದದ್ದನ್ನು ಬಿಳಿ ಬಟ್ಟೆಯಿಂದ ಒರೆಸಿ ಮೂಗಿನ ಹತ್ತಿರ ತರುತ್ತಾರೆ. ಇಂಕಿನ ವಾಸನೆಯೋ, ಇಂಕು ಕರಗಿಸಲು ಬಳಸುವ ಥಿನ್ನರಿನ ವಾಸನೆಯೋ ಎಳ್ಳಷ್ಟು ಉಳಿದಿದ್ದರೂ ಮತ್ತೆ ಟಬ್ಬಿಗೆ. ಅವರ ಮೂಗು ದಾಟದೆ ಒಂದು ಟ್ರೇ ಕೂಡ ಅಚ್ಚಿನ ಯಂತ್ರಕ್ಕೆ ಹೋಗುವುದಿಲ್ಲ.

ಫೋರ್‌ಮನ್‌ಗೆ ತಮಾಷೆ ಮಾಡಬೇಕಿತ್ತು. ಮೇಲೆ ಮಾತ್ರ ಒರೆಸಿದ, ಸೂಜಿಮೊನೆಯಷ್ಟು ಸಣ್ಣ ಗುಳಿಗಳ ತುಂಬ ಹಸಿ ಥಿನ್ನರೂ ಇಂಕೂ ನಿಂತಿದ್ದ ಬೇರೊಂದು ರೋಲರನ್ನು ತಂದು ಅವರ ಮುಂದಿಟ್ಟರು. ದೊಡ್ಡಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದರು.

"ಆಯ್ತು. ಶುದ್ಧ," ಅಂದರು.

ನಾನು ಒಂದು ಮಾರು ದೂರದಲ್ಲಿದ್ದೆ. ನನ್ನ ಕಣ್ಣು ಉರಿಯುತ್ತಿತ್ತು.

ಎಲ್ಲರೂ ನಕ್ಕರು. ಅವರೂ ನಮ್ಮ ಜೊತೆ ಆಟವಾಡುತ್ತಿದ್ದಾರೆ ಎಂದುಕೊಂಡರು. ದೊಡ್ಡಪ್ಪ ಕಣ್ಣು ತೆರೆದು ನೇರವಾಗಿ ನನ್ನ ಮುಖ ನೋಡಿದರು. ನೋಡಿದ ಕೂಡಲೇ, "ತಮಾಷೆ ಮಾಡಿದೆ, ಇದು ಗಬ್ಬು ನಾರ್ತಿದೆ," ಎಂದು ರೋಲರನ್ನು ಕೆಳಗಿಟ್ಟರು. ನಗು ಇನ್ನೂ ಜೋರಾಯಿತು. ಅವರ ಕೈ ನಡುಗಿದ್ದನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ಮಾರ್ಚ್ 5, ಬುಧವಾರ

ತೊಳೆಯುವ ಕೋಣೆಗೆ ಹೋದೆ. ಎರಡು ಟಬ್ಬು, ನಾಲ್ಕು ಬ್ರಷ್ಷು, ಮೊಣಕೈವರೆಗೆ ಬರುವ ಕೆಂಪು ರಬ್ಬರ್ ಗವಸು, ಒಂದು ಸ್ಟೂಲು. ಸೂರಿನ ಹತ್ತಿರ ಪುಸ್ತಕದಗಲದ ಒಂದು ಕಿಟಕಿ. ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದಿಸಿದ ಸುರಕ್ಷತೆಯ ಹಾಳೆ. ಬಾಗಿಲು ತೆಗೆದೊಡನೆ ಥಿನ್ನರು ಗಂಟಲಿಗೆ ಹೊಡೆಯಿತು. ಅವರು ಎದ್ದು ಬಾಗಿಲು ಮುಚ್ಚಿದರು.

ಯಾವಾಗಿನಿಂದ ಎಂದು ಕೇಳಿದೆ. ನಾಲ್ಕು ವರ್ಷ ಆಗಿರಬಹುದು ಅಂದರು. ಮೊದಲು ಸಾಬೂನಿನ ವಾಸನೆ ಹೋಯಿತಂತೆ. ನೆಗಡಿ ಎಂದುಕೊಂಡರಂತೆ. ಆಮೇಲೆ ಊಟದ ರುಚಿ.

ಹಾಗಾದರೆ ಈ ನಾಲ್ಕು ವರ್ಷ ಶುದ್ಧವೋ ಅಲ್ಲವೋ ಎಂದು ಹೇಗೆ ಹೇಳುತ್ತಿದ್ದಿರಿ ಎಂದೆ. ಅವರು ಸ್ವಲ್ಪ ನಾಚಿದರು.

"ಮುಖ ನೋಡಿ ಮೇಡಮ್ಮ."

"ಯಾರ ಮುಖ?"

"ಬಾಗಿಲು ತೆಗೆದು ಬಂದೋರ ಮುಖ. ಟ್ರೇ ಹತ್ತಿರ ಹಿಡಿದು ಮಾತಾಡ್ತೀನಿ. ಮೂಗು ಸುಕ್ಕಾದ್ರೆ ವಾಪಸ್ ಟಬ್ಬಿಗೆ. ಎಲ್ಲಕ್ಕಿಂತ ನಿಮ್ಮ ಮುಖ ಚೆನ್ನಾಗಿ ಹೇಳುತ್ತೆ. ನಿಮಗೆ ಸುಳ್ಳು ಬರಲ್ಲ."

ಗವಸು ಯಾವಾಗ ಬರುತ್ತದೆ, ಬ್ರಷ್ಷು ಸವೆದಿದೆ ನೋಡಿ, ಈ ಬಟ್ಟೆ ಸಾಲುತ್ತಾ ಎಂದು ವಾರಕ್ಕೆ ಮೂರು ಸಲ ನನ್ನನ್ನು ಕರೆಸುತ್ತಿದ್ದರು. ಸಣ್ಣ ಸಣ್ಣದಕ್ಕೂ ನನ್ನನ್ನೇ ಕೇಳುತ್ತಾರಲ್ಲ ಎಂದು ಒಳಗೊಳಗೆ ಹೆಮ್ಮೆಪಟ್ಟುಕೊಂಡಿದ್ದೆ. ನಾನು ಅವರ ಮೂಗಾಗಿದ್ದೆ. ನನಗೇ ಗೊತ್ತಿರಲಿಲ್ಲ.

ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದುಕೊಂಡರು. ನಿವೃತ್ತಿಗೆ ಇನ್ನೆರಡು ವರ್ಷ, ದೂಡಿಬಿಡುತ್ತೇನೆ, ಮೂಗಿಲ್ಲ ಅಂತ ಗೊತ್ತಾದರೆ ಗೇಟಿನ ಹತ್ತಿರ ಕೂರಿಸುತ್ತಾರೆ ಎಂದರು. ಹೇಳುವುದಿಲ್ಲ ಎಂದೆ. ಅಷ್ಟು ಬೇಗ ಮಾತು ಕೊಡಬಾರದಿತ್ತೇನೋ.

ಮಾರ್ಚ್ 7, ಶುಕ್ರವಾರ

ಫೋರ್‌ಮನ್ ಜೊತೆ ಇನ್ನೊಂದು ಮುದ್ರಣಾಲಯಕ್ಕೆ ಹೋಗಿ ಇಂಕಿನ ಪಂಪು ನೋಡಿ ಬಂದೆ. ನಿಜಕ್ಕೂ ಚೆನ್ನಾಗಿದೆ. ಪೀಪಾಯಿಗಳು ಹಿಂದಿನ ಕೋಣೆಯಲ್ಲೇ ಇರುತ್ತವೆ. ಪಂಪು ಟಪ್ ಟಪ್ ಎಂದು ನಾಡಿಯ ಹಾಗೆ ಬಡಿದುಕೊಳ್ಳುತ್ತಾ ಇಂಕನ್ನು ಕಳಿಸುತ್ತದೆ, ಮಿಕ್ಕಿದ್ದನ್ನು ವಾಪಸ್ ಎಳೆದುಕೊಳ್ಳುತ್ತದೆ. ಇಂಕು ಸದಾ ಓಡಾಡುತ್ತಿರುವುದರಿಂದ ಗಟ್ಟಿಯಾಗುವುದಿಲ್ಲ. ಬೆಳಿಗ್ಗೆಯ ಕೆಂಪೂ ಸಂಜೆಯ ಕೆಂಪೂ ಒಂದೇ. ನಮ್ಮಲ್ಲಿ ಇನ್ನೂ ಬಕೆಟ್ಟಿನಲ್ಲಿ ಹೊರುತ್ತಾರೆ. ಹೋದ ವರ್ಷ ಹೊರುತ್ತಿದ್ದವರೊಬ್ಬರು ಜಾರಿ ಮೊಣಕಾಲು ಮುರಿದುಕೊಂಡರು. ಫೋರ್‌ಮನ್ ಹೊಸದಾಗಿ ಮದುವೆ ಗೊತ್ತಾದವರ ಹಾಗೆ ಪಂಪಿನ ಸುತ್ತ ಓಡಾಡಿದರು. ಹಿಂದಿರುಗುವಾಗ ಪಂಪೇ ಸರಿ ಎಂದು ನನಗೂ ಅನ್ನಿಸಿ, ಅವರಿಗೂ ಹಾಗೇ ಹೇಳಿದೆ.

ಕೇಳಬೇಕಾದ ಒಂದು ಪ್ರಶ್ನೆ ಉಳಿದಿತ್ತು. ಆಫೀಸಿನಿಂದ ತೊಳೆಯುವ ಯಂತ್ರದ ಎಂಜಿನಿಯರಿಗೆ ಫೋನು ಮಾಡಿ, ನಿಮ್ಮ ಯಂತ್ರಕ್ಕೆ ನಮ್ಮ ಥಿನ್ನರು ಆಗುತ್ತದೆಯೇ ಎಂದು ಕೇಳಿದೆ. ಯಾವುದು ಎಂದರು. ಹೇಳಿದೆ.

"ಅದಾ? ಅದನ್ನ ಮುಚ್ಚಿದ ಯಂತ್ರದಲ್ಲೇ ಬಳಸಬೇಕಲ್ಲ ಮೇಡಂ. ಈಗ ಯಾವ ಯಂತ್ರದಲ್ಲಿ ಬಳಸ್ತಿದ್ದೀರಿ?"

ಟಬ್ಬಿನಲ್ಲಿ ಎಂದೆ.

"ತೆರೆದ ಟಬ್ಬಿನಲ್ಲಾ?"

ಥಿನ್ನರಿನ ಸುರಕ್ಷತೆಯ ಹಾಳೆಯಲ್ಲಿ ಹಾಗೇನೂ ಇಲ್ಲವಲ್ಲ ಎಂದೆ.

"ಇದೆ ಮೇಡಂ. ಕೊನೇ ಸಾಲು. ನೋಡಿ."

ಮಾರ್ಚ್ 10, ಸೋಮವಾರ

ಗೋಡೆಯ ಹಾಳೆಯಲ್ಲಿ ಎಂಟು ಸಾಲುಗಳಿವೆ. ಅಕ್ಷರ ನನ್ನದು.

ಆರು ವರ್ಷದ ಹಿಂದೆ ಈ ಥಿನ್ನರಿಗೆ ಬದಲಾಯಿಸಲಾಯಿತು. ಹಳೆಯದು ಒಣಗಲು ತಡವಾಗುತ್ತಿತ್ತು. ಪೀಪಾಯಿಯ ಜೊತೆ ಬಂದ ಸೂಚನೆ ಇಂಗ್ಲಿಷಿನಲ್ಲಿತ್ತು. ಶಾಲೆಯಿಂದಲೂ ಇಂಗ್ಲಿಷಿನಲ್ಲೇ ಓದಿದವಳು ಎಂದು ಅದನ್ನು ಮನೆಮಾತಿಗೆ ತರುವ ಕೆಲಸ ನನಗೆ ಬಂತು. ಅಲ್ಲಿಯವರೆಗೆ ಅಂಗಡಿಯ ಚೀಟಿ ಬಿಟ್ಟು ಬೇರೇನನ್ನೂ ನಮ್ಮ ಭಾಷೆಯಲ್ಲಿ ಬರೆದವಳಲ್ಲ. ಮೂರು ದಿನ ಕೂತು ಬರೆದಿದ್ದೆ. ಒತ್ತಕ್ಷರ ತಪ್ಪಿದೆಯೇ ಎಂದು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದ್ದೆ. ಇಷ್ಟು ಸರಳವಾಗಿ ಯಾರೂ ಬರೆಯುತ್ತಿರಲಿಲ್ಲ ಎಂದು ಯಜಮಾನರು ಎಲ್ಲರ ಮುಂದೆ ಹೊಗಳಿದ್ದರು. ಆ ಧೈರ್ಯದ ಮೇಲೆಯೇ ಈ ದಿನಚರಿ ಶುರುವಾದದ್ದು.

ಮೂಲವನ್ನು ಕಡತದಿಂದ ತೆಗೆದೆ. ಒಂಬತ್ತು ಸಾಲು. ಒಂಬತ್ತನೆಯದರ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ, ನಮಗೆ ಅನ್ವಯಿಸದು ಎಂದು ಬರೆದಿದೆ. ಅದೂ ನನ್ನ ಅಕ್ಷರ.

ಮುಚ್ಚಿದ ಯಂತ್ರದಲ್ಲಿ ಮಾತ್ರ ಬಳಸತಕ್ಕದ್ದು ಎಂಬುದೇ ಆ ಸಾಲು. ನಮ್ಮಲ್ಲಿ ಯಂತ್ರವೇ ಇರಲಿಲ್ಲ. ಹಾಗಾಗಿ ಅದು ಯಂತ್ರ ಇರುವವರಿಗೆ ಎಂದು ಭಾವಿಸಿದ್ದಿರಬೇಕು. ಅನಗತ್ಯ ಸಾಲು ಕಡಿಮೆಯಾದಷ್ಟೂ ಜನ ಓದುತ್ತಾರೆ ಎಂಬ ಉದ್ದೇಶವೂ ಇತ್ತು. ಒಟ್ಟಿನಲ್ಲಿ ಒಂದು ಸಾಲು ಬಿಟ್ಟುಹೋಗಿದೆ.

ಹಾಳೆಯನ್ನು ಮತ್ತೆ ಮತ್ತೆ ಎಣಿಸಿದೆ. ಎಂಟೇ.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಕಾಫಿಯ ಲೋಟ ಎತ್ತಿದಾಗ ಘಮ ಬಂತು. ಕೆಳಗಿಟ್ಟುಬಿಟ್ಟೆ.

ಮಾರ್ಚ್ 13, ಗುರುವಾರ

ಮನೆಯಲ್ಲಿ ಇವರಿಗೆ ಹೇಳಿದೆ. ಇವರು ವಿಮೆ ಕಚೇರಿಯಲ್ಲಿ ಇರುವವರು, ಕಾಗದದ ತೂಕ ಗೊತ್ತು. ಇಸ್ತ್ರಿ ಮಾಡುತ್ತಾ ಪೂರ್ತಿ ಕೇಳಿಸಿಕೊಂಡರು. ಆ ಹಾಳೆಯಲ್ಲಿ ಯಾರ ಸಹಿ ಇದೆ ಎಂದು ಕೇಳಿದರು. ಯಜಮಾನರದು, ಫೋರ್‌ಮನ್‌ದು, ನನ್ನದು ಎಂದೆ.

"ಹಾಗಾದ್ರೆ ನೀನೊಬ್ಬಳೇ ಯಾಕೆ ತಲೆ ಮೇಲೆ ಹೊತ್ಕೋತೀಯ?"

ಉಳಿದಿಬ್ಬರಿಗೆ ಮೂಲ ಓದಲು ಬರುತ್ತಿರಲಿಲ್ಲ ಎಂದೆ. ಕಾಲರನ್ನು ತಿರುಗಿಸಿ ಹಾಕಿ ಮತ್ತೆ ಉಜ್ಜಿದರು.

"ನೋಡು, ತೊಳೆಯೋ ಮೆಷಿನ್ನೇ ಬೇಕು ಅಂತ ಹೇಳು. ತರಿಸು. ಇನ್ನು ಮುಂದೆ ಯಾರಿಗೂ ಏನೂ ಆಗಲ್ಲ. ಹಳೇದನ್ನ ಕೆದಕಿ ಕಾಗದದ ಮೇಲೆ ಹಾಕ್ಬೇಡ. ಬರೆದ ಮೇಲೆ ಅದು ನಿನ್ನದಲ್ಲ, ಊರಿನದು."

ಈ ಮಾತು ಕೇಳಿ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ಸಂಜೆಯಿಡೀ ಕಸಿವಿಸಿ. ಆದರೂ ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಯಂತ್ರ ಬಂದರೆ ಮುಚ್ಚಳ ಬರುತ್ತದೆ. ಮುಚ್ಚಳ ಕಚ್ಚಿಕೊಳ್ಳದೆ ಅದು ಶುರುವೇ ಆಗುವುದಿಲ್ಲ. ಒಂಬತ್ತನೆಯ ಸಾಲನ್ನು ಯಂತ್ರವೇ ಪಾಲಿಸುತ್ತದೆ. ಅದನ್ನು ಯಾರೂ ಓದಬೇಕಾಗಿಲ್ಲ.

ಮಾರ್ಚ್ 17, ಸೋಮವಾರ

ಸಭೆ ಮುಗಿಯಿತು. ತೊಳೆಯುವ ಯಂತ್ರವೇ ಬೇಕು ಎಂದೆ. ಒಂದು ರೋಲರಿಗೆ ಈಗ ಎಷ್ಟು ಹೊತ್ತು, ಆಗ ಎಷ್ಟು ಹೊತ್ತು, ಗುಳಿಗಳಲ್ಲಿ ಹಳೆ ಇಂಕು ಉಳಿದು ಅಚ್ಚು ಮಸುಕಾಗಿ ಎಷ್ಟು ಮಾಲು ವಾಪಸ್ ಬಂದಿದೆ, ಎಲ್ಲ ಹೇಳಿದೆ. ಥಿನ್ನರಿನ ಮಾತೆತ್ತಲಿಲ್ಲ.

ಫೋರ್‌ಮನ್‌ರ ಮುಖ ಸಣ್ಣದಾಯಿತು. ಮೇಡಂ ಪಂಪು ನೋಡಿ ಬಂದ ದಿನ ಒಂದು ಹೇಳಿದ್ದರು, ಈಗ ಇನ್ನೊಂದು ಹೇಳುತ್ತಿದ್ದಾರೆ. ನಮ್ಮವರು ಇನ್ನೂ ಒಂದು ವರ್ಷ ಬಕೆಟ್ ಹೊತ್ತು ಮೈ ಬೆಳೆಸಿಕೊಳ್ಳಲಿ ಬಿಡಿ ಎಂದರು. ಸಿಟ್ಟು ಬರಬೇಕಾದ್ದೇ. ಅವರ ಮಾತೂ ಸುಳ್ಳಲ್ಲ.

ಯಜಮಾನರು ಒಪ್ಪಿದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ನಾನು ಎಣಿಸಿರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು.

"ಹಾಗಾದ್ರೆ ಒಳ್ಳೇದೇ ಆಯ್ತು. ಗುಂಡಿ ಒತ್ತೋಕೆ ಅಚ್ಚಿನವರೇ ಸಾಕು. ದೊಡ್ಡಪ್ಪನಿಗೂ ವಯಸ್ಸಾಯ್ತು. ಮೂವತ್ತೊಂದಕ್ಕೆ ಗೌರವವಾಗಿ ಕಳಿಸಿಕೊಡೋಣ. ಆರೋಗ್ಯ ಎಲ್ಲ ಚೆನ್ನಾಗಿದೆಯಲ್ಲ ಅವರಿಗೆ?"

ಇಪ್ಪತ್ತೆರಡು ವರ್ಷದಲ್ಲಿ ಕಾಯಿಲೆ ಅಂತ ಒಂದು ರಜೆ ಹಾಕಿದವರಲ್ಲ ಎಂದರು ಫೋರ್‌ಮನ್. ಯಜಮಾನರು ನನ್ನ ಕಡೆ ತಿರುಗಿದರು. ಕೆಲಸದಿಂದ ಬಿಡುಗಡೆ ಮಾಡುವ ಅರ್ಜಿಯಲ್ಲಿ ಸಾಕ್ಷಿಯ ಸಹಿ ನನ್ನದೇ ಆಗಬೇಕಿತ್ತು.

ಹೌದು, ಚೆನ್ನಾಗಿದೆ ಎಂದೆ.

ನಾನೇ ಅಂದದ್ದು. ಕೇಳಿದ ತಕ್ಷಣ ಬಾಯಿಂದ ಬಂತು. ಮುಖದಲ್ಲಿ ಏನಿತ್ತೋ ಗೊತ್ತಿಲ್ಲ, ಆ ಕೋಣೆಯಲ್ಲಿ ನನ್ನ ಮುಖ ಓದುವವರು ಇರಲಿಲ್ಲ.

ಅರ್ಜಿ ಈಗ ನನ್ನ ಮೇಜಿನ ಮೇಲಿದೆ. ಏಳನೆಯ ಪ್ರಶ್ನೆ: ಕೆಲಸದಿಂದ ಉಂಟಾದ ಕಾಯಿಲೆ ಇದೆಯೇ? ಇಲ್ಲ ಎಂದು ಯಾರೋ ಆಗಲೇ ತುಂಬಿಸಿದ್ದಾರೆ. ಇದೆ ಎಂದು ಬರೆದರೆ ಚಿಕಿತ್ಸೆಯ ಹೊಣೆ ಮುದ್ರಣಾಲಯದ್ದು, ಬದುಕಿರುವವರೆಗೆ. ಇಲ್ಲ ಎಂದರೆ ಒಂದು ಹಾರ, ಒಂದು ಫೋಟೋ.

ಅವರನ್ನು ಉಳಿಸುತ್ತೇನೆಂದು ತಂದ ಯಂತ್ರವೇ ಅವರನ್ನು ಮನೆಗೆ ಕಳಿಸುತ್ತಿದೆ. ಇದು ನನಗೆ ಹೊಳೆಯಲೇ ಇಲ್ಲ. ಎರಡು ವಾರ ಯಂತ್ರದ ಉದ್ದ ಅಗಲ ಅಳೆದವಳಿಗೆ, ಅದು ಬಂದ ಮೇಲೆ ಆ ಸ್ಟೂಲಿನ ಮೇಲೆ ಯಾರು ಕೂರುತ್ತಾರೆ ಎಂದು ಒಂದು ಸಲವೂ ಹೊಳೆಯಲಿಲ್ಲ.

ಮಾರ್ಚ್ 19, ಬುಧವಾರ

ದೊಡ್ಡಪ್ಪನಿಗೆ ನಿನ್ನೆಯೇ ಸುದ್ದಿ ಮುಟ್ಟಿತ್ತು. ನಾನು ಹೋದಾಗ ಟ್ರೇ ಉಜ್ಜುತ್ತಿದ್ದರು.

"ಆ ಮೆಷಿನ್ನಿಗೂ ಮೂಗಿಲ್ಲ, ನನಗೂ ಇಲ್ಲ. ಆದ್ರೆ ಅದು ಯಾರ ಮುಖಾನೂ ನೋಡಬೇಕಾಗಿಲ್ಲ," ಎಂದು ನಕ್ಕರು.

ನನಗೆ ನಗಲಾಗಲಿಲ್ಲ. ಮೂಲದ ಹಾಳೆಯನ್ನು ಕೈಯಲ್ಲಿ ಹಿಡಿದೇ ಹೋಗಿದ್ದೆ. ಇದರಲ್ಲಿ ಒಂಬತ್ತು ಸಾಲುಗಳಿವೆ ದೊಡ್ಡಪ್ಪ, ನಾನು ನಿಮಗೆ ಎಂಟು ಮಾತ್ರ ಕೊಟ್ಟೆ ಎಂದೆ. ಬ್ರಷ್ಷು ನಿಂತಿತು. ಯಾವುದು ಬಿಟ್ಟಿರಿ, ಓದಿ ಎಂದರು. ನಿಂತುಕೊಂಡು ನಮ್ಮ ಮಾತಿನಲ್ಲಿ ಓದಿದೆ. ಇನ್ನೊಂದು ಸಲ ಓದಿ ಎಂದರು. ಓದಿದೆ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಗವಸು ಬಿಚ್ಚಿ, ಒಂದರ ಮೇಲೊಂದು ಇಟ್ಟು, ಗೋಡೆಯ ಹಾಳೆಯನ್ನೇ ತುಂಬಾ ಹೊತ್ತು ನೋಡಿದರು.

"ಆ ಸಾಲು ಇದ್ದಿದ್ರೂ ನಾನು ತೊಳೀತಿದ್ದೆ ಮೇಡಮ್ಮ. ಮೆಷಿನ್ ಇಲ್ಲ ಅಂತ ಕೆಲಸ ಬಿಡೋಕಾಗುತ್ತಾ?" ಎಂದರು. ಆಮೇಲೆ, "ಆದ್ರೆ ಬಾಗಿಲು ತೆಗೆದಿಡ್ತಿದ್ದೆ," ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಬೆರಳು ತೋರಿಸಿದರು. ಆರನೆಯ ಸಾಲು. ನನ್ನ ದುಂಡಗಿನ ಅಕ್ಷರ: ವಾಸನೆ ಯಂತ್ರಗಳ ಕಡೆ ಹರಡದಂತೆ ಕೋಣೆಯ ಬಾಗಿಲನ್ನು ಸದಾ ಮುಚ್ಚಿಡಿ.

ಮೂಲದಲ್ಲಿ ಅದು ಸರಿ. ಥಿನ್ನರು ಮುಚ್ಚಳದೊಳಗೆ ಇದ್ದಾಗ, ಬಾಗಿಲು ಎರಡನೆಯ ಕಾವಲು. ಒಂಬತ್ತನೆಯದನ್ನು ಕಿತ್ತು ಆರನೆಯದನ್ನು ಉಳಿಸಿದವಳು ನಾನು. ಯಂತ್ರಗಳನ್ನು ಕಾಪಾಡಿದೆ, ಮನುಷ್ಯನನ್ನು ಒಳಗೆ ಹಾಕಿ ಬಾಗಿಲು ಹಾಕಿಸಿದೆ.

"ಹಳೇ ಥಿನ್ನರ್ ಇದ್ದಾಗ ಬಾಗಿಲು ತೆಗೆದೇ ಇರ್ತಿತ್ತು," ಎಂದರು. "ನೀವು ಬರೆದು ಹಾಕಿದ ದಿನದಿಂದ ಮುಚ್ಚಿದ್ದು. ಓದಿದೋರು, ಕಷ್ಟಪಟ್ಟು ನಮಗೋಸ್ಕರ ಬರೆದಿದ್ದಾರೆ ಅಂತ. ಒಂದು ದಿನಾನೂ ಮೀರಿಲ್ಲ."

ಅವರು ಇದನ್ನು ನನ್ನನ್ನು ಚುಚ್ಚಲು ಹೇಳಲಿಲ್ಲ. ಚುಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಎದ್ದು ಬಾಗಿಲು ತೆಗೆದೆ. ಅದಕ್ಕೆ ಅಡ್ಡ ಇಡಲು ಏನೂ ಸಿಗಲಿಲ್ಲ. ಸ್ಟೂಲು ಇಟ್ಟೆ. ಅವರು ನಿಂತೇ ಇದ್ದರು.

ಕೊಟ್ಟ ಮಾತು ಮುರಿಯಲು ಅನುಮತಿ ಬೇಕು ಎಂದು ಕೇಳಿದೆ. ನಿಮ್ಮ ಕೆಲಸ ಹೋಗುತ್ತಲ್ಲ ಎಂದರು. ಹೋಗಬಹುದು ಎಂದೆ. ಯೋಚನೆ ಮಾಡಿ ಹೇಳುತ್ತೇನೆ ಎಂದರು.

ಮಾರ್ಚ್ 20, ಗುರುವಾರ

ದೊಡ್ಡಪ್ಪ ಇನ್ನೂ ಏನೂ ಹೇಳಿಲ್ಲ. ಆದರೂ ಕಾಗದ ಬರೆಯುತ್ತಿದ್ದೇನೆ. ಒಂದು ಯಜಮಾನರಿಗೆ, ಒಂದು ಕಾರ್ಖಾನೆಗಳ ತಪಾಸಣೆ ಕಚೇರಿಗೆ, ಒಂದು ದೊಡ್ಡಪ್ಪನಿಗೆ. ಮೂರರಲ್ಲೂ ಒಂದೇ ಮಾತು. ಥಿನ್ನರನ್ನು ಆರಿಸಿದವಳು ನಾನು. ಒಂಬತ್ತನೆಯ ಸಾಲನ್ನು ಓದಿ, ಅರ್ಥಮಾಡಿಕೊಂಡು, ಬಿಟ್ಟವಳು ನಾನು. ಹದಿನೇಳರ ಸಭೆಯಲ್ಲಿ ಆರೋಗ್ಯ ಚೆನ್ನಾಗಿದೆ ಎಂದು ಸುಳ್ಳು ಹೇಳಿದವಳೂ ನಾನು. ಏಳನೆಯ ಪ್ರಶ್ನೆಗೆ ಸರಿಯಾದ ಉತ್ತರ ‘ಇದೆ’ ಎಂಬುದು. ಜೊತೆಗೆ ಮೂಲದ ಪ್ರತಿ, ನನ್ನ ಪೆನ್ಸಿಲಿನ ಅಕ್ಷರ ಕಾಣುವಂತೆ.

ಇವರು ಓದಿದರು. ಒಂದು ಕಡೆ ಇಸವಿ ತಪ್ಪಿತ್ತು, ತೋರಿಸಿದರು. ಊಟದ ಹೊತ್ತಿಗೆ, ಮನೆ ಕಂತಿನ ಚಿಂತೆ ನನಗಿರಲಿ ಎಂದರು.

ಮಾರ್ಚ್ 22, ಶನಿವಾರ

ಬೆಳಿಗ್ಗೆ ದೊಡ್ಡಪ್ಪನನ್ನು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬರುತ್ತೇನೆ ಎಂದು ನಿನ್ನೆ ಅವರೇ ಹೇಳಿ ಕಳಿಸಿದ್ದರು. ಡಾಕ್ಟರು ಹನ್ನೆರಡು ಸಣ್ಣ ಬಾಟಲಿಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದರು. ಪ್ರತಿ ಬಾಟಲಿಗೂ ದೊಡ್ಡಪ್ಪ ಡಾಕ್ಟರ ಮುಖ ನೋಡುತ್ತಿದ್ದರು. ನಾಲ್ಕನೆಯದಕ್ಕೆ ಡಾಕ್ಟರಿಗೆ ಗೊತ್ತಾಯಿತು. ದೊಡ್ಡಪ್ಪನ ಕಣ್ಣಿಗೆ ಬಟ್ಟೆ ಕಟ್ಟಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಹನ್ನೆರಡಕ್ಕೂ ಇಲ್ಲ, ಇಲ್ಲ, ಇಲ್ಲ.

ಇನ್ನು ಬರುವ ಆಸೆ ಕಡಿಮೆ ಎಂದರು ಡಾಕ್ಟರು. ಬೇರೆ ಪರೀಕ್ಷೆಗಳೂ ಆಗಬೇಕು, ಕೈ ನಡುಗುವುದಕ್ಕೆ. ಪ್ರಮಾಣಪತ್ರ ಕೊಟ್ಟರು. ಅದರ ಪ್ರತಿಗಳನ್ನು ಮೂರು ಲಕೋಟೆಗೂ ಹಾಕಿದೆ.

ಹೊರಗೆ ಬೆಂಚಿನ ಮೇಲೆ ಕೂತು ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳಿದೆ. ಒಂದು ಸಾಲೂ ಬಿಡಲಿಲ್ಲ. ಅವರು ಕೇಳಿ, ಆಯಿತು, ಕಳಿಸಿ ಎಂದರು. ಅಲ್ಲೇ ಎದುರಿಗೆ ಅಂಚೆ ಪೆಟ್ಟಿಗೆ ಇತ್ತು. ಎದ್ದೆ. ಕೈ ಅಡ್ಡ ಹಿಡಿದರು.

"ಇವತ್ತು ಬೇಡ. ಮನೇಲಿ ಅವಳಿಗೆ ಗೊತ್ತಿಲ್ಲ."

"ಏನು ಗೊತ್ತಿಲ್ಲ?"

"ನಾಲ್ಕು ವರ್ಷದಿಂದ ಅವಳ ಮುಖ ನೋಡಿ ಅಡುಗೆ ಚೆನ್ನಾಗಿದೆ ಅಂತಿದ್ದೀನಿ. ಒಂದೊಂದು ದಿನ ಅವಳೇ ಕೆಟ್ಟದಾಗಿ ಮಾಡಿಟ್ಟು ಪರೀಕ್ಷೆ ಮಾಡ್ತಾಳೆ. ಅವತ್ತೂ ಸಿಕ್ಕಿಬಿದ್ದಿಲ್ಲ. ನಾಳೆ ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಹೇಳ್ತೀನಿ. ಕಾಗದದಿಂದ ಗೊತ್ತಾಗಬಾರದು ಅವಳಿಗೆ. ಆಮೇಲೆ ಹಾಕಿ."

ಮೂರು ಲಕೋಟೆಗಳನ್ನೂ ಅಂಟಿಸಿ, ವಿಳಾಸ ಬರೆದು, ಬಾಗಿಲ ಪಕ್ಕದ ಕಪಾಟಿನ ಮೇಲಿಟ್ಟಿದ್ದೇನೆ. ಅಂಚೆಚೀಟಿ ಹಚ್ಚಿಯಾಗಿದೆ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಮೂರನ್ನೂ ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ.